ಏನೂ ಮಾಡದ ಕೀಲಿ

ಸುರಂಗದ ಲೆಕ್ಕದಂತೆ ಇನ್ನೂರ ಹನ್ನೊಂದನೆಯ ಬೇಸಿಗೆ, ಎರಡನೆಯ ಆಷಾಢದ ಮೂವತ್ತೈದನೆಯ ದಿನ.
ಈ ಯಂತ್ರದ ಲೆಕ್ಕದಂತೆ ಜನವರಿ ಒಂದು, ಎರಡು ಸಾವಿರದ ಒಂದು.

ಕೀಲಿಮಣೆಗಳ ಕಾಲದವರಿಗೆ,

ಮೇಲಿನ ಎರಡು ದಿನಾಂಕಗಳಲ್ಲಿ ಯಾವುದೂ ನಿಮಗೆ ಸರಿಯೆನಿಸಲಾರದು. ನಮ್ಮಲ್ಲಿ ಬೇಸಿಗೆ ಉದ್ದವಾದಂತೆ ತಿಂಗಳುಗಳೂ ಉದ್ದವಾದವು. ಆಷಾಢ ಎರಡಾಯಿತು, ತಿಂಗಳಿಗೆ ಮೂವತ್ತಾರು ದಿನಗಳಾದವು. ಯಂತ್ರದ ತಾರೀಕಿನ ಸಂಗತಿ ಬೇರೆ. ಅದರ ಹೊಟ್ಟೆಯಲ್ಲಿದ್ದ ಬಿಲ್ಲೆಯಂಥ ಸಣ್ಣ ಬ್ಯಾಟರಿ ನನ್ನ ಅಜ್ಜಿಯ ಕಾಲದಲ್ಲೇ ಸತ್ತಿತು. ಅಂದಿನಿಂದ ಎಬ್ಬಿಸಿದಾಗಲೆಲ್ಲ ಅದು ಇದೇ ಒಂದು ದಿನಕ್ಕೆ ಹೋಗಿ ನಿಲ್ಲುತ್ತದೆ. ಹಾಗಾಗಿ ಇದರಲ್ಲಿ ಬರೆದ ಕಾಗದಕ್ಕೆ ನಿಮ್ಮ ಕಾಲದ ಮುದ್ರೆ ಬೀಳುತ್ತದೆ. ನಿಮಗೆ ತಲುಪುತ್ತದೆಯೇ ಎಂಬುದು ನನಗೆ ಗೊತ್ತಿಲ್ಲ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಾನು ಹೆಚ್ಚು ಓದಿದವಳಲ್ಲ. ನಿಮ್ಮ ಕನ್ನಡವನ್ನು ನೀವು ಬಿಟ್ಟುಹೋದ ಕಡತಗಳಿಂದಲೇ ಕಲಿತವಳು.

ನನ್ನ ಹೆಸರು ಹುಲಿಗೆವ್ವ. ನಿಮ್ಮ ಕಾಲದಲ್ಲಿ ಬಂಗಾರ ತೆಗೆಯುತ್ತಿದ್ದ ಒಂದು ಗಣಿಯ ಸುರಂಗದಲ್ಲಿ ನಾವು ನೂರ ಎಪ್ಪತ್ತು ಜನ ಇದ್ದೇವೆ. ಮೇಲೆ ಬಿಸಿಲಿದೆ. ಬೆಳಕು ಹರಿಯುವ ಮೊದಲು ಮೇಲೆ ಹೋಗಿ ಬಟ್ಟೆಯ ಚಪ್ಪರದಡಿ ಸಜ್ಜೆಗೂ ಪುಂಡಿ ಸೊಪ್ಪಿಗೂ ನೀರು ಬಿಟ್ಟು, ಕಲ್ಲು ಕಾಯುವಷ್ಟರಲ್ಲಿ ಇಳಿದು ಬರುತ್ತೇವೆ. ಗಣಿಯ ಬಾಯಿಯಿಂದ ಕೆಳಗಿನ ತನಕ ಕನ್ನಡಿಗಳನ್ನು ನಿಲ್ಲಿಸಿದ್ದಾರೆ. ಒಂದು ಕನ್ನಡಿ ಇನ್ನೊಂದಕ್ಕೆ ಬಿಸಿಲನ್ನು ದಾಟಿಸುತ್ತದೆ. ಹಾಗೆ ಇಳಿದು ಬಂದ ಬೆಳಕನ್ನು ನಾವು ಇಳಿಬಿಸಿಲು ಎನ್ನುತ್ತೇವೆ. ಅದು ಮೂರನೆಯ ಕನ್ನಡಿಯನ್ನು ಬಿಟ್ಟಾಗ ಸಂಜೆಯ ಗಂಟೆ ಹೊಡೆಯುತ್ತಾರೆ, ಎಲ್ಲ ಕೆಲಸ ನಿಲ್ಲುತ್ತದೆ.

ನಮ್ಮ ಕೆಲಸ ನಿಮ್ಮನ್ನು ಓದುವುದು. ನಿಮ್ಮ ಹಳೆಯ ಯಂತ್ರಗಳಲ್ಲಿ ಉಳಿದ ಬರಹಗಳನ್ನು ತೆರೆದು, ಉಳಿಸತಕ್ಕದ್ದನ್ನು ಹಸಿ ಮಣ್ಣಿನ ಹಲಗೆಯ ಮೇಲೆ ಗೀರಿ, ಸುಟ್ಟು, ಗೋಡೆಗಳಲ್ಲಿ ಜೋಡಿಸುತ್ತೇವೆ. ಯಂತ್ರ ಸಾಯುತ್ತದೆ, ಸುಟ್ಟ ಮಣ್ಣು ಉಳಿಯುತ್ತದೆ. ನಮ್ಮಲ್ಲಿ ಕೊನೆಗೆ ಉಳಿದಿದ್ದದ್ದು ಮೂರು ಯಂತ್ರ. ಕಚ್ಚಿದ ಹಣ್ಣಿನ ಗುರುತಿನದು ನನ್ನದು. ನಾಲ್ಕು ಚೌಕದ ಕಿಟಕಿಯ ಗುರುತಿನದು ನನ್ನ ಗಂಡ ಅಮರಪ್ಪನದು. ಹಾರಲಾರದ ದಪ್ಪ ಹಕ್ಕಿಯ ಗುರುತಿನದು ಖಾಸಿಂಬಿಯದು. ಖಾಸಿಂಬಿ ನನಗಿಂತ ಹತ್ತು ಬೇಸಿಗೆ ದೊಡ್ಡವಳು, ನಾಲಿಗೆ ಇನ್ನೂ ದೊಡ್ಡದು. ಮೂರರಲ್ಲೂ ಸಾದಾ ಬರಹ ಬರೆಯುವ ಹಾಳೆ ಇದೆ, ಮೂರರಲ್ಲೂ ಅಕ್ಷರಗಳು ಅದೇ ಜಾಗದಲ್ಲಿವೆ. ಬೇರೆಯಾಗಿರುವುದು ಜೋಡಿಹೊಡೆತಗಳು. ಒಂದು ಕೀಲಿಯನ್ನು ಹಿಡಿದುಕೊಂಡು ಇನ್ನೊಂದನ್ನು ಮುಟ್ಟಿ ಕೆಲಸ ಮಾಡಿಸುವುದಕ್ಕೆ ನಾವು ಇಟ್ಟ ಹೆಸರು ಅದು. ನನ್ನ ಯಂತ್ರದಲ್ಲಿ ಸಾಲಿನ ತಲೆಗೆ ಹೋಗಲು ಒತ್ತುವ ಜೋಡಿ, ಮತ್ತೊಂದರಲ್ಲಿ ಏನು ಮಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದ ಪ್ರಸಂಗವೂ ಇರಲಿಲ್ಲ.

ಯಾಕೆಂದರೆ ನಮ್ಮಲ್ಲಿ ಕೈಮೀಸಲು ಎಂಬ ಕಟ್ಟಳೆ ಇದೆ. ಒಂದು ಯಂತ್ರಕ್ಕೆ ಒಬ್ಬರ ಕೈ. ಆ ಮನುಷ್ಯ ಬದುಕಿರುವ ತನಕ ಬೇರೆಯವರು ಅವರ ಕೀಲಿಮಣೆ ಮುಟ್ಟುವಂತಿಲ್ಲ, ಪರದೆ ನೋಡುವಂತಿಲ್ಲ. ಕೀಲಿಗಳು ಸವೆಯುತ್ತವೆ, ಪರಕೈಯ ಒತ್ತು ಅವಕ್ಕೆ ಆಗುವುದಿಲ್ಲ ಎಂದು ಹಿಂದಿನವರು ಮಾಡಿದ ಕಟ್ಟಳೆ. ಆಮೇಲೆ ಅದು ಮರ್ಯಾದೆಯ ವಿಷಯವಾಯಿತು. ಅದಕ್ಕೇ ನಮ್ಮನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸುತ್ತಾರೆ. ಹತ್ತೊಂಬತ್ತು ಬೇಸಿಗೆ ನಾನೂ ಅಮರಪ್ಪನೂ ಹಾಗೆ ಕೂತೆವು. ಅವನು ರೊಟ್ಟಿ ಮುರಿಯುವ ಕೈ ನನಗೆ ಗೊತ್ತು, ನನ್ನ ಹೆಗಲ ಮೇಲೆ ಇಡುವ ಕೈ ಗೊತ್ತು. ಕೆಲಸ ಮಾಡುವ ಕೈಯನ್ನು ಒಮ್ಮೆಯೂ ನೋಡಲಿಲ್ಲ. ಅದರ ಸದ್ದನ್ನು ಮಾತ್ರ ಕೇಳಿದೆ.

ಪ್ರತಿಯೊಬ್ಬ ಓದುಗನೂ ತನ್ನ ಯಂತ್ರದಲ್ಲಿ ಒಂದು ದಿನದ ಪುಸ್ತಕ ಇಡುತ್ತಾನೆ. ಓದುಗ ಸತ್ತ ನಲವತ್ತೊಂದನೆಯ ದಿನ ಅವನಿಗೆ ಹತ್ತಿರದವರು ಆ ಪುಸ್ತಕದ ಕೊನೆಯ ಸಾಲಿನ ತಲೆಗೆ ಸಾವಿನ ದಿನವನ್ನು ಬರೆದು, ಸಂಜೆಯ ಗಂಟೆಯೊಳಗೆ ಹಾಳೆಯನ್ನು ಮುಚ್ಚಬೇಕು. ಆಮೇಲೆ ಅದನ್ನು ಎಲ್ಲರೆದುರು ಓದಿ ಹಲಗೆಗೆ ಇಳಿಸುತ್ತಾರೆ. ಅದು ಮುಗಿದ ಮೇಲೆ ಯಂತ್ರವನ್ನು ಬಿಚ್ಚಿ, ಉಳಿದ ಯಂತ್ರಗಳಿಗೆ ಬಿಡಿಭಾಗ ಮಾಡುತ್ತಾರೆ. ಅಷ್ಟು ದಿನವೂ ಯಂತ್ರ ಸತ್ತವನು ಎದ್ದುಹೋದ ಹಾಗೆಯೇ, ನಿದ್ದೆಯಲ್ಲಿ ಇರುತ್ತದೆ. ಯಾರೂ ಆರಿಸುವುದಿಲ್ಲ.

ಅಮರಪ್ಪ ಹೋದದ್ದು ಮೊದಲ ಆಷಾಢದ ಇಪ್ಪತ್ತೊಂಬತ್ತರಂದು. ಒಣಗಿದ ಹಲಗೆಯನ್ನು ಭಟ್ಟಿಗೆ ಒಯ್ಯುತ್ತಾ ತೊಂಬತ್ತನೆಯ ಮೆಟ್ಟಿಲಲ್ಲಿ ಕೂತವನು ಏಳಲಿಲ್ಲ. ಹಲಗೆ ತೊಡೆಯ ಮೇಲಿತ್ತು, ಒಡೆದಿರಲಿಲ್ಲ. ಅವನು ಎದ್ದಾಗ ನನ್ನ ಹಿಂದೆ ಖುರ್ಚಿ ಸರಿದ ಸದ್ದು ಕೇಳಿತ್ತು. ನಾನು ತಿರುಗಲಿಲ್ಲ. ಮಾತಾಡಿಸಲು ಬಂದವರೆಲ್ಲ, ಏನೂ ಗೊತ್ತಾಗದ ಹಾಗೆ ಹೋದ, ಪುಣ್ಯವಂತ ಎಂದರು. ಆ ಮಾತು ನನಗೆ ಸಮಾಧಾನ ಕೊಡಲಿಲ್ಲ. ಅವನಿಗೆ ಗೊತ್ತಾಗಿತ್ತೇ, ಗೊತ್ತಾಗಿದ್ದರೆ ನನ್ನನ್ನು ಯಾಕೆ ಕರೆಯಲಿಲ್ಲ ಎಂದು ನಲವತ್ತು ದಿನ ಅದೊಂದನ್ನೇ ಯೋಚಿಸಿದೆ. ಅವನ ಪುಸ್ತಕದಲ್ಲಿ ಏನಾದರೂ ಇದ್ದೀತು ಎಂದು ಕಾದೆ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಅವನ ಖುರ್ಚಿಯಲ್ಲಿ ಕೂರಿಸಿದರು. ಗಂಟೆ ಹೊಡೆಯುವ ಹಿರಿಯ ಸಾಬಣ್ಣ ಬಾಗಿಲಲ್ಲಿ ನಿಂತರು. ಸಾಕ್ಷಿಗೆ ಖಾಸಿಂಬಿ ಬಂದಳು. ಸಾಕ್ಷಿಯಾದವರು ಪರದೆ ನೋಡಬಾರದು, ಕೈ ಹಿಂದೆ ಕಟ್ಟಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ನಿಂತಳು, ಆದರೆ ಸುಮ್ಮನೆ ನಿಲ್ಲಲಿಲ್ಲ.

“ಲಗೂನ ಬರದು ಮುಗಸವ್ವ. ಈ ಗ್ವಾಡಿ ಮುಖ ನೋಡಿ ನೋಡಿ ನನಗ ನನ್ನ ಅತ್ತಿ ನೆಪ್ಪಾಗಾಕತ್ತಾಳ” ಎಂದಳು.

ಯಂತ್ರ ಎದ್ದಿತು. ಅವನ ಪುಸ್ತಕ ಅವನು ಬಿಟ್ಟ ಜಾಗದಲ್ಲೇ ತೆರೆದಿತ್ತು. ಕೊನೆಯ ಸಾಲು ಇಷ್ಟೇ ಇತ್ತು: ‘ಗಾಳಿ ತಣ್ಣಗಿದೆ. ಎಂಟನೆಯ ಹಲಗೆ ಒಣಗಿತು, ಭಟ್ಟಿಗೆ ಒಯ್ಯುತ್ತೇನೆ.’ ಎರಡು ಸಲ ಓದಿದೆ. ಅದರಲ್ಲಿ ನಾನಿರಲಿಲ್ಲ. ನಲವತ್ತು ದಿನ ಕಾದದ್ದು ಇದಕ್ಕೇ ಎನಿಸಿ ಕಣ್ಣು ಮಂಜಾಯಿತು. ಆ ಮಂಜಿನಲ್ಲೇ, ಸಾಲಿನ ತಲೆಗೆ ಹೋಗಲೆಂದು ನನ್ನ ಕೈ ತನ್ನ ರೂಢಿಯ ಕೆಲಸ ಮಾಡಿತು. ಎಡಮೂಲೆಯ ಹಿಡಿಕೀಲಿಯನ್ನು ಹಿಡಿದು ‘ಎ’ ಎಂಬ ಕೀಲಿಯನ್ನು ಒತ್ತಿತು. ನನ್ನ ಯಂತ್ರದಲ್ಲಿ ಅದು ಸಾಲಿನ ತಲೆಗೆ ಒಯ್ಯುತ್ತದೆ. ಇಲ್ಲಿ ಇಡೀ ಹಾಳೆ ನೀಲಿಯಾಯಿತು. ಸತ್ತವರ ದಿನ ಈ ಯಂತ್ರ ಹೀಗೆ ಬಣ್ಣ ಬದಲಿಸುತ್ತದೇನೋ, ಅದಕ್ಕೂ ಒಂದು ಮರ್ಯಾದೆ ಇದೆಯೇನೋ ಎಂದುಕೊಂಡೆ. ನಿಜವಾಗಿಯೂ ಹಾಗೆಂದುಕೊಂಡೆ. ಇಪ್ಪತ್ತೊಂಬತ್ತು ಎಂದು ಬರೆಯಲು ಮೊದಲ ಅಂಕಿಯನ್ನು ಒತ್ತಿದೆ.

ಹಾಳೆಯ ಮೇಲೆ ಎರಡು ಎಂಬ ಅಂಕಿಯೊಂದೇ ಉಳಿಯಿತು. ಹತ್ತೊಂಬತ್ತು ಬೇಸಿಗೆಯ ಪುಸ್ತಕ ಹೋಗಿತ್ತು.

ನಿಮಗೆ ಇದು ಸಣ್ಣ ಸಂಗತಿ ಇರಬಹುದು. ಆ ಜೋಡಿ ಅಲ್ಲಿ ಇಡೀ ಬರಹವನ್ನು ಒಟ್ಟಿಗೆ ಹಿಡಿಯುತ್ತದೆ, ಹಿಡಿದದ್ದರ ಮೇಲೆ ಏನು ಒತ್ತಿದರೂ ಅದೇ ಉಳಿಯುತ್ತದೆ ಎಂದು ನಿಮ್ಮ ಚಿಕ್ಕವರಿಗೂ ಗೊತ್ತಿದ್ದೀತು. ನನಗೆ ಗೊತ್ತಿದ್ದದ್ದು ಒಂದೇ. ಈ ಯಂತ್ರಗಳು ಪರದೆಯ ಮೇಲಿರುವುದನ್ನು ತಾವಾಗಿ ಗಳಿಗೆಗೊಮ್ಮೆ ಉಳಿಸಿಕೊಳ್ಳುತ್ತವೆ. ಅಂದರೆ ಒಳಗೂ ಈಗ ಆ ಒಂದು ಅಂಕಿ ಮಾತ್ರ ಇದೆ. ಅಳಿದದ್ದು ಎಲ್ಲಾದರೂ ಉಳಿದಿದ್ದರೆ ಹಿಂದಡಿಯ ನೆನಪಿನಲ್ಲಿ. ಮಾಡಿದ ಕೆಲಸವನ್ನು ಒಂದೊಂದಾಗಿ ಹಿಂದಕ್ಕೆ ಕರೆಯುವುದನ್ನು ನಾವು ಹಿಂದಡಿ ಎನ್ನುತ್ತೇವೆ, ಕರೆದದ್ದನ್ನು ಮತ್ತೆ ಮುಂದಕ್ಕೆ ಬಿಡುವುದು ಮುಂದಡಿ. ಹಾಳೆ ತೆರೆದಿರುವ ತನಕ ಆ ನೆನಪು ಇರುತ್ತದೆ. ಇಳಿಬಿಸಿಲು ಆಗಲೇ ಮೂರನೆಯ ಕನ್ನಡಿಯ ಅಂಚಿಗೆ ಬಂದಿತ್ತು.

ನನ್ನ ಯಂತ್ರದಲ್ಲಿ ಹಿಂದಡಿಗೆ ಉದ್ದ ಕೀಲಿಯ ಪಕ್ಕದ ಕೀಲಿಯನ್ನು ಹಿಡಿದು ‘ಝಡ್’ ಒತ್ತುತ್ತೇವೆ. ಒತ್ತಿದೆ. ಏನೂ ಆಗಲಿಲ್ಲ. ಕತ್ತರಿಸಿಹೋದದ್ದನ್ನು ತರಲು ಮೂಲೆಯ ಹಿಡಿಕೀಲಿಯೊಂದಿಗೆ ‘ವೈ’ ಒತ್ತುವುದು ನನ್ನಲ್ಲಿ ಇನ್ನೊಂದು ದಾರಿ. ಅದನ್ನೂ ಒತ್ತಿದೆ. ಅಕ್ಷರವೂ ಬೀಳಲಿಲ್ಲ, ಬರಹವೂ ಬರಲಿಲ್ಲ. ನನ್ನ ಉಸಿರಾಟ ಕೇಳಿಯೇ ಖಾಸಿಂಬಿಗೆ ತಿಳಿಯಿತು.

“ಯಾಕವ್ವ, ಏನಾತು?”

“ಎಲ್ಲಾ ಹೋತು ಅಕ್ಕ. ಬರೇ ಒಂದು ಅಂಕಿ ಉಳದೈತಿ.”

ಬಾಗಿಲಲ್ಲಿದ್ದ ಸಾಬಣ್ಣ ಕನ್ನಡಿಯ ಕಡೆ ನೋಡಿದರು. ಖಾಸಿಂಬಿ ಗೋಡೆಗೇ ಹೇಳಿದಳು. “ಹೆದರಬ್ಯಾಡ. ಮ್ಯಾಲಿನ ಮೂಲಿ ಕೀಲಿ ಒಮ್ಮೆ ಒತ್ತು. ಆಮ್ಯಾಲ ಬರೇ ಯು ಒತ್ತು. ಏನೂ ಹಿಡಕೋಬ್ಯಾಡ. ನಂದರಾಗ ಹಂಗ ಕರದ್ರ ಸತ್ತಿದ್ದೆಲ್ಲಾ ಎದ್ದು ಬರ್ತೈತಿ.”

ಅವಳು ಹೇಳಿದಂತೆ ಒತ್ತಿದೆ. ಎರಡರ ಪಕ್ಕ ಒಂದು ಒಂಟಿ ಕೊಂಬು ಬಂದು ನೇತಾಡಿತು.

“ಬಂತೇನು?”

“ಕೊಂಬು ಬಂತು.”

“ಕೊಂಬಾ?” ಎಂದಳು. “ಹಂಗಾರ ಅದು ನನ್ನ ಹಕ್ಕಿ ಅಲ್ಲ, ನಿನ್ನ ಗಂಡನ ಕ್ವಾಣ. ಇನ್ನ ನಾ ಏನೂ ಹೇಳಂಗಿಲ್ಲ ತಂಗಿ. ನಂದೂ ಒಂದು ಸೇರಿ ಹಾಳಾಗೂದು ಬ್ಯಾಡ.”

ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಇನ್ನು ಕಣ್ಣಿನಿಂದ ಪ್ರಯೋಜನವಿಲ್ಲ ಎನಿಸಿತು. ಅವನ ಕೈಯನ್ನು ನಾನು ನೋಡಿರಲಿಲ್ಲ, ಕೇಳಿದ್ದೆನಲ್ಲ. ತಪ್ಪು ಮಾಡಿದಾಗಲೆಲ್ಲ ಅಮರಪ್ಪ ಗಂಟಲಿನಲ್ಲೇ ‘ಥತ್’ ಎನ್ನುತ್ತಿದ್ದ. ಅದರ ಹಿಂದೆಯೇ ಒಂದು ಟೊಳ್ಳು ಸದ್ದು ಬರುತ್ತಿತ್ತು, ಖಾಲಿ ಡಬ್ಬಿಯ ಮುಚ್ಚಳ ಕೂತಂತೆ. ಅದು ಕೂತಿರುವಾಗಲೇ ಹಗುರವಾಗಿ ನಾಲ್ಕು ಪೆಟ್ಟು. ಟಿಕ್ ಟಿಕ್ ಟಿಕ್ ಟಿಕ್. ಆಮೇಲೆ ಮುಚ್ಚಳ ಏಳುತ್ತಿತ್ತು. ಹತ್ತೊಂಬತ್ತು ಬೇಸಿಗೆ ಆ ಸದ್ದು ಕೇಳಿ, ಇವತ್ತೂ ತಪ್ಪಿದ ಎಂದು ಒಳಗೇ ನಕ್ಕಿದ್ದೇನೆ.

ಹಿಡಿಯುವ ಕೀಲಿಗಳನ್ನು ಒಂದೊಂದನ್ನೇ ಒತ್ತಿದರೆ ಏನೂ ಕೆಡುವುದಿಲ್ಲ. ಕಣ್ಣು ಮುಚ್ಚಿ ಒಂದೊಂದಾಗಿ ಒತ್ತಿ ಕೇಳಿದೆ. ಉದ್ದ ಕೀಲಿಯ ಪಕ್ಕದ್ದು ಗಟ್ಟಿ ಸದ್ದು. ಅದರಾಚೆಯದು ಮರಳು ಸಿಕ್ಕಂತೆ. ಎಡಮೂಲೆಯದು ಟೊಳ್ಳು. ಅದೇ. ಇಡೀ ಪುಸ್ತಕವನ್ನು ಅಳಿಸುವಾಗ ನಾನು ಹಿಡಿದ ಕೀಲಿಯೂ ಅದೇ.

“ಯಾವುದು ಸಿಕ್ತು?” ಖಾಸಿಂಬಿ ಕೇಳಿದಳು.

“ಎಡಮೂಲಿದು.”

“ನುಂಗಿದ್ದು ಅದ ಅಲ್ಲೇನು?”

“ಹೌದು.”

“ಹುಲಿಗೆವ್ವ, ಹೊತ್ತಿಲ್ಲ ನೋಡು” ಎಂದರು ಸಾಬಣ್ಣ. ಗದರಿದಂತಿರಲಿಲ್ಲ.

ಟೊಳ್ಳು ಕೀಲಿಯನ್ನು ಹಿಡಿದೆ. ಅದಕ್ಕೆ ಹತ್ತಿರವಾಗಿ, ಹಗುರವಾಗಿ ಬೀಳುವ ಪೆಟ್ಟೆಂದರೆ ಕೆಳಸಾಲಿನ ಮೊದಲ ಅಕ್ಷರವೇ ಇರಬೇಕು, ‘ಝಡ್’. ಬೆರಳು ಇಟ್ಟೆ. ಒಂದು ಪೆಟ್ಟಿಗೆ ಕೊಂಬು ಹೋಯಿತು. ಎರಡನೆಯದಕ್ಕೆ ಹಾಳೆ ತುಂಬಿತು. ಅವನ ಸಾಲುಗಳೆಲ್ಲ ಇದ್ದವು, ಕೊನೆಯದೂ ಇತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನನ್ನ ಕಿವಿಯಲ್ಲಿದ್ದದ್ದು ನಾಲ್ಕು ಪೆಟ್ಟು. ಕೈ ಆ ಲಯವನ್ನು ಮುಗಿಸಿಯೇ ಎದ್ದಿತು.

ಮೂರನೆಯ ಪೆಟ್ಟಿಗೆ ಗಾಳಿ ತಣ್ಣಗಿದೆ ಎಂಬ ಸಾಲು ಮಾಯವಾಯಿತು. ನಾಲ್ಕನೆಯದಕ್ಕೆ ಆ ಜಾಗದಲ್ಲಿ ಬೇರೊಂದು ಬರಹ ಬಂದು ನಿಂತಿತು. ಯಂತ್ರ ಆರಿರಲಿಲ್ಲ, ನಿದ್ದೆಯಲ್ಲಿತ್ತು. ಅವನು ಕೊನೆಯ ದಿನ ಬರೆದು, ಅಳಿಸಿ, ಅದರ ಮೇಲೆ ಬೇರೆ ಬರೆದದ್ದೆಲ್ಲ ಅದರ ನೆನಪಿನಲ್ಲಿ ನಲವತ್ತೊಂದು ದಿನ ಹಾಗೇ ಇತ್ತು. ಅವನು ಅಳಿಸಿದ್ದು ಇದು:

‘ಎಡಗೈ ಜೋಮು. ಎದೆ ಹಿಡಿದಂತಿದೆ. ಎರಡು ಸಲ ತಿರುಗಿ ನೋಡಿದೆ. ಅವಳು ಏನೋ ಓದಿ ಒಬ್ಬಳೇ ನಗುತ್ತಿದ್ದಾಳೆ, ಬೆನ್ನು ಕುಲುಕುತ್ತಿದೆ. ನಕ್ಕು ಮುಗಿಸಲಿ.’

ಆ ದಿನ ನಾನು ಓದುತ್ತಿದ್ದದ್ದು ನಿಮ್ಮದೇ ಒಂದು ಪುಟ. ಯಾರೋ ಒಬ್ಬರು ಒಂದು ಗುರುತಿನ ಯಂತ್ರ ಬಿಟ್ಟು ಇನ್ನೊಂದು ಕೊಂಡು, ಮೂರು ದಿನದಿಂದ ನನ್ನ ಕೈ ನನ್ನ ಮಾತೇ ಕೇಳುತ್ತಿಲ್ಲ, ಉಳಿಸಲು ಹೋದರೆ ಮುಚ್ಚಿಕೊಳ್ಳುತ್ತದೆ, ಏನು ಮಾಡಲಿ ಎಂದು ಕೇಳಿದ್ದರು. ಯಂತ್ರ ಸರಿಯಿದೆ, ಕೈ ಬದಲಾಯಿಸಿ ನೋಡಿ ಎಂದು ಇನ್ನೊಬ್ಬರು ಉತ್ತರ ಕೊಟ್ಟಿದ್ದರು. ಅದಕ್ಕೆ ನಕ್ಕಿದ್ದೆ. ನಿಮ್ಮ ಮೇಲೆ ಸಿಟ್ಟಿಲ್ಲ. ಅದು ನಗುವಂಥ ಮಾತೇ.

“ಬಂತೇನವ್ವ?” ಖಾಸಿಂಬಿಯ ದನಿ ಮೆತ್ತಗಾಗಿತ್ತು.

“ಬಂತು.”

“ಎಲ್ಲಾ?”

“ಎಲ್ಲಾ ಬಂತು ಅಕ್ಕ.”

ಇನ್ನು ನನ್ನ ಮುಂದೆ ಇದ್ದದ್ದು ಇಷ್ಟು. ಹೀಗೆಯೇ ದಿನ ಬರೆದು ಮುಚ್ಚಿದರೆ ಇದೇ ಅವನ ಕೊನೆಯ ಮಾತಾಗುತ್ತದೆ. ಹಲಗೆಯಲ್ಲಿ ಸುಡುತ್ತಾರೆ, ಸಾವಿರ ಬೇಸಿಗೆ ಗೋಡೆಯಲ್ಲಿ ಇರುತ್ತದೆ, ನನ್ನ ನಗುವಿನ ಸಮೇತ. ನನಗೆ ಅದು ಬೇಕಾಗಿತ್ತು. ಸುಳ್ಳು ಹೇಳಲಾರೆ, ಅಷ್ಟು ದಿನ ನಾನು ಕಾದದ್ದು ಅದಕ್ಕೇ. ಆದರೆ ಅವನು ಅದನ್ನು ಅಳಿಸಿದ್ದ. ಎಲ್ಲರೆದುರು ಓದುವ ಪುಸ್ತಕ ಇದು ಎಂದು ಅವನಿಗೆ ಗೊತ್ತಿತ್ತು. ಅವನ ಹೆಂಡತಿ ನಗುತ್ತಾ ಕೂತಿದ್ದಳು ಎಂದು ಯಾರೂ ಹೇಳಬಾರದೆಂದು ಅಳಿಸಿದನೋ, ಆಮೇಲೆ ನಾನೇ ಓದಿ ನೊಂದೇನೆಂದು ಅಳಿಸಿದನೋ. ಎದೆ ಹಿಡಿದುಕೊಂಡಿರುವಾಗ, ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು, ಹಲಗೆಯ ಮಾತು ಬರೆದು ಎದ್ದಿದ್ದ. ಅವನ ಯಂತ್ರವನ್ನು ಮುಟ್ಟುವ ಹಕ್ಕು ನನಗೆ ಒಂದು ದಿನಕ್ಕೆ ಸಿಕ್ಕಿತ್ತು. ಅವನ ಮಾತನ್ನು ತಿದ್ದುವ ಹಕ್ಕು ಅದರಲ್ಲಿ ಸೇರಿರಲಿಲ್ಲ.

ಮುಂದಡಿ ಇಡಬೇಕಿತ್ತು. ಅದರ ಜೋಡಿ ಗೊತ್ತಿರಲಿಲ್ಲ. ಮೂರು ಯಂತ್ರಗಳಲ್ಲಿ ಮೂರು ತರ ಇರುತ್ತದೆ. ತಪ್ಪು ಕೀಲಿ ಒತ್ತಿ ಒಂದೇ ಒಂದು ಅಕ್ಷರ ಬಿದ್ದರೂ ಮುಂದಡಿಯ ನೆನಪು ಅಳಿಯುತ್ತದೆ, ಆ ಹಲಗೆಯ ಸಾಲು ಇನ್ನು ಬರುವುದಿಲ್ಲ. ಈ ಸಲ ಸದ್ದು ನೆನಪಿಗೆ ಬರಲಿಲ್ಲ. ಅವನು ಹಿಂದಡಿ ಇಟ್ಟದ್ದನ್ನು ಕೇಳಿದ್ದೆ, ಮುಂದಡಿಯ ಗುರುತು ಹಿಡಿದಿರಲಿಲ್ಲ. ಆಗ ಒತ್ತಿದ್ದನ್ನೆಲ್ಲ ಮೊದಲಿನಿಂದ ಎಣಿಸಿದೆ. ಯು ಕೀಲಿ ಕೊಂಬು ತಂದಿತ್ತು, ಅದು ಬೇಡ. ಉದ್ದ ಕೀಲಿಯ ಪಕ್ಕದ್ದು ಗಟ್ಟಿ ಸದ್ದಿನದು, ಅವನು ಹೆಚ್ಚು ಬಳಸಿದ್ದಲ್ಲ. ಉಳಿದದ್ದು ಮೂಲೆಯದರೊಂದಿಗೆ ಒತ್ತಿದ ‘ವೈ’. ಆಗ ಹಿಡಿದದ್ದು ಈ ಟೊಳ್ಳು ಕೀಲಿಯನ್ನೇ, ಆದರೂ ಏನೂ ಆಗಿರಲಿಲ್ಲ. ಏನೂ ಮಾಡದ ಕೀಲಿ ಎಂದರೆ ಆ ಹೊತ್ತಿನಲ್ಲಿ ಮಾಡಲು ಏನೂ ಇಲ್ಲದಿದ್ದ ಕೀಲಿ ಇರಬಹುದಲ್ಲವೇ? ಆಗ ನಾನು ಒಂದು ಹೆಜ್ಜೆಯೂ ಹಿಂದೆ ಇಟ್ಟಿರಲಿಲ್ಲ. ಮುಂದಕ್ಕೆ ಒಯ್ಯಲು ಅದಕ್ಕೆ ಏನಿತ್ತು?

ಒತ್ತುವ ಮೊದಲು ಆ ನಾಲ್ಕು ಮಾತನ್ನು ಇನ್ನೊಮ್ಮೆ ಓದಿದೆ. ನಿಧಾನವಾಗಿ ಓದಿದೆ, ಬಿಸಿಲು ಸರಿಯುತ್ತಿದ್ದರೂ. ಪರದೆಯನ್ನು ಮುಟ್ಟಿದೆ. ಆಮೇಲೆ ಒತ್ತಿದೆ. ಅವನ ಮಾತು ಅಳಿಯಿತು. ಇನ್ನೊಮ್ಮೆ ಒತ್ತಿದೆ. ಗಾಳಿ ತಣ್ಣಗಿದೆ, ಎಂಟನೆಯ ಹಲಗೆ ಒಣಗಿತು. ಬಾಣದ ಕೀಲಿಯಿಂದ ಒಂದೊಂದೇ ಅಕ್ಷರ ದಾಟಿ ಸಾಲಿನ ತಲೆಗೆ ಹೋಗಿ ಇಪ್ಪತ್ತೊಂಬತ್ತು ಎಂದು ಬರೆದು ಮುಚ್ಚಿದೆ. ಸಾಬಣ್ಣ ಗಂಟೆ ಹೊಡೆದರು. ಸ್ವಲ್ಪ ತಡವಾಗಿಯೇ ಹೊಡೆದರು ಎಂದು ನನ್ನ ಅನುಮಾನ.

ಪುಸ್ತಕವನ್ನು ಓದಿದಾಗ ಎಲ್ಲರೂ ಕೇಳಿದರು. ಕೊನೆಗೂ ಕೆಲಸದ ಮಾತೇ ಆಡಿ ಹೋದ ನೋಡಿ ಎಂದರು. ಹೌದು ಎಂದೆ. ಖಾಸಿಂಬಿ ನನ್ನ ಮುಖವನ್ನೇ ನೋಡುತ್ತಿದ್ದಳು. ತನ್ನ ತಟ್ಟೆಯ ಪುಂಡಿ ಪಲ್ಯವನ್ನೆಲ್ಲ ನನ್ನ ರೊಟ್ಟಿಗೆ ಹಾಕಿದಳು. ಯಂತ್ರವನ್ನು ಬಿಚ್ಚಿಯಾಗಿದೆ. ಅದರ ಕೀಲಿಗಳನ್ನು ಒಂದು ಬಟ್ಟಲಿನಲ್ಲಿ ಹಾಕಿಟ್ಟಿದ್ದಾರೆ. ನನ್ನ ಬೆನ್ನ ಹಿಂದೆ ಈಗ ಯಾರೂ ಇಲ್ಲ, ಆದರೂ ಕೆಲಸದ ನಡುವೆ ನಿಲ್ಲಿಸಿ ಕೇಳುತ್ತೇನೆ.

ಇದನ್ನು ಇಲ್ಲಿ ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಅವನು ಅಳಿಸಿದ್ದನ್ನು ನಾನು ಬರೆದಂತಾಗುತ್ತದೆ. ಒಬ್ಬಳೇ ಇಟ್ಟುಕೊಳ್ಳಲೂ ಆಗಲಿಲ್ಲ. ನೀವು ನಮಗಿಂತ ಮೊದಲೇ ಹೋದವರು, ನಿಮ್ಮಿಂದ ಮಾತು ಈ ಸುರಂಗಕ್ಕೆ ಬರಲಾರದು ಎಂದು ನಿಮಗೆ ಬರೆದೆ. ಒಂದು ಬೇಡಿಕೆ ಇದೆ. ಅವನ ಆ ನಾಲ್ಕು ಮಾತುಗಳನ್ನು, ಓದಿದ ಮೇಲೆ, ನಿಮ್ಮ ಹಾಳೆಯಿಂದ ಅಳಿಸಿಬಿಡಿ. ಅವನ ಇಷ್ಟ ಅದು. ಆದರೆ ಅಳಿಸಿದ ಮೇಲೆ ಯಂತ್ರವನ್ನು ಆರಿಸಬೇಡಿ. ಒಂದು ದಿನದ ಮಟ್ಟಿಗೆ ನಿದ್ದೆಯಲ್ಲಿ ಬಿಡಿ.

ಹುಲಿಗೆವ್ವ